ಆರು ಚೌಕ

ಬೆಟಗೇರಿಯ ಮಾದರಪಾಟು ಹದಿನೆಂಟು ವಾರು,
ಮೊದಲ ಸರೇಸಿನ ನೀರು, ಆಮ್ಯಾಲೆ ಸುಣ್ಣದ ಬಿಳುಪು.
ಒಣಗಿದ ಮ್ಯಾಲ ಅಪ್ಪ ನೀಲಿ ದಾರ ಮೀಟತಿದ್ದ,
ಒಂದೊಂದು ಚೌಕ ಒಂದೊಂದು ಮೊಳ.
ಅಂಗೈ ಅಗಲದ ಫೋಟೋಕ್ಕೂ ಅಷ್ಟ ಚೌಕ.
ನಾಯಕನ ಮೂಗಿಗೆ ನಾಕು, ಕಣ್ಣಿಗೆ ಮೂರು ಮೂರು,
ನಾಯಕಿ ಎಡಕ್ಕ, ಸಣ್ಣಾಕಿ, ಎಲ್ಲಾ ಕೂಡಿ ಹನ್ನೆರಡು.
ತುಟಿ ಮೂಲಿಯಿಂದ ಹೊಂಟ ಸಿಗರೇಟಿಗೆ
ಎರಡು ಸಾಕು ಅಂತಿತ್ತು ಫೋಟೋ.

ಹುಬ್ಬಳ್ಳಿಯಿಂದ ಬಂದಾವ ಸಾಲೂದಿಲ್ಲ ಅಂದ.
ಕರೇ ಚಸ್ಮಾ, ಫಟಫಟಿ, ಬಗಲಾಗ ತಗಡಿನ ಡಬ್ಬಿ.
ಸಿನಿಮಾದಾವ ಅಲ್ಲ, ಸಿಗರೇಟ ಕಂಪನಿಯಾವ.
"ದ್ಯಾಮಣ್ಣಾರ, ಬಸ್‌ಸ್ಟ್ಯಾಂಡಿನ್ಯಾಗ ನಿಂತಾವಗ
ಕಿಸೆದಾಗಿನ ಪಾಕೀಟು ಓದಾಕ ಬರಬೇಕು."
ಟರ್ಪೆಂಟೈನ್ ಒಂದು ಕ್ಯಾನು, ನೂರರ ಎರಡು ನೋಟು,
ನನಗೊಂದು ಪೆಪ್ಪರಮಿಂಟು.
ಅಪ್ಪ ಫೋಟೋ ನೋಡಿದ. ಅವ್ವನ ಕಡೆ ನೋಡಿದ.
ನಾಕು ಚೌಕ ಕೂಡಿಸಿದ.
ನಾಯಕನ ಅಂಗಿಗೆ ಕಿಸೇನ ಇರಲಿಲ್ಲ,
ಬ್ರಶ್ಶಿನಿಂದ ಒಂದು ಹೊಲದು ಕೊಟ್ಟ.

ತಾ ಮಾತ್ರ ಎಂದೂ ಸೇದಿದಾವಲ್ಲ.
ಶೀಲ ಅಂತಲ್ಲ, ಮೈತುಂಬ ಟರ್ಪೆಂಟೈನು.
"ಒಂದ ಕಡ್ಡಿ ಕೊರದ್ರ ನಾನ ದೀಪಾವಳಿ" ಅಂತಿದ್ದ.

ಕೆಂಡ ನನ್ನ ಪಾಲು.
ಹನ್ನೊಂದು ವರ್ಷದಾಕಿ, ಬಿದಿರಿನ ಅಟ್ಟಣಿಗಿ ಮ್ಯಾಲ
ನಾಯಕನ ಗದ್ದಕ್ಕ ಬೆನ್ನು ಹಚ್ಚಿ ಕುಂತು
ಮೊದಲ ಕಿತ್ತಳಿ, ಅದು ಹಸಿ ಇದ್ದಾಗ ಕೆಂಪು,
ಅಂಚಿಗೆ ಅವ್ವನ ಒಲಿಯಿಂದ ತಂದ ಖರೇ ಬೂದಿ.
"ಊದಬ್ಯಾಡ, ಹತ್ತೀತು" ಅಂತ ಅಪ್ಪ ಕೆಳಗಿಂದ ನಗತಿದ್ದ.

ಶುಕ್ರವಾರ ಟಾಕೀಸಿನ ಮುಂದ ನಿಲ್ಲಿಸಿದ್ರು.
ಹೊಗಿ ಬರೀಲಿಲ್ಲ ಅಪ್ಪ. ಅದು ಗಾಳಿ ಕೆಲಸ ಅಂದ.
ಚಾದ ಗ್ಲಾಸಿನ ತಂತಿ ಜಾಳಿಗಿ ಹಿಡದ ಮೈಲಾರಿ
ಅದರ ಕೆಳಗ ನಿಂತು ಕತ್ತು ವಾರಿ ಮಾಡಿದ,
ತುಟಿ ವಾರಿ ಮಾಡಿದ, ಬಾಯಾಗ ಖಡೂ ತುಂಡು.
ಮಾಗಿಯ ಮುಂಜಾನಿ. ಬಿಟ್ಟ ಉಸಿರು ಬೆಳ್ಳಗ ಬಂತು.
ಎಷ್ಟು ಬರೋಬ್ಬರಿ ಬಂತಂದ್ರ
ನಾನ ಚಪ್ಪಾಳಿ ಹೊಡದೆ.

ಮೊನ್ನೆ ಟೀವಿಯಾಗ ಅದ ಸಿನಿಮಾ.
ನಾಯಕ ಕಡ್ಡಿ ಕೊರದ ಕೂಡಲೆ ತುಟಿ ಮ್ಯಾಲ
ಮಸುಕಿನ ಮುದ್ದಿ ಒಂದು ಬಂದು ಕುಂತಿತು,
ಕೆಳಗ ಸಣ್ಣ ಅಕ್ಷರದಾಗ ಬುದ್ಧಿಮಾತು ಬಂತು, ಹೋತು.
"ಪೊರಿ ಮತ್ತ ಬೆಳದೈತೇನು ನೋಡವಾ" ಅಂದ ಅಪ್ಪ, ಕಣ್ಣು ತಿಕ್ಕೊಂಡು.
ಇಲ್ಲಪ್ಪ, ಅವರ ಮುಚ್ಚ್ಯಾರ.
ನಡುವ ಅಡಿಕಿಪುಡಿ ಪಾಕೀಟಿನ ಜಾಹೀರಾತು,
ಅದನ್ನ ಯಾರೂ ಮುಚ್ಚಿರಲಿಲ್ಲ.
"ಆ ಅಕ್ಷರ ಎಷ್ಟು ಚೌಕ ಇದ್ದಾವು?"
ಅರ್ಧ ಅಂದೆ.
"ಅರ್ಧ," ಅಂದ. ಬಹಳ ಹೊತ್ತಿನ ಮ್ಯಾಲ,
"ಬಸ್‌ಸ್ಟ್ಯಾಂಡಿನಿಂದ ಓದಾಕ ಬರತಾವೇನು?"

ಸಿನಿಮಾ ಎತ್ತಿದ ಮ್ಯಾಲ ಬಟ್ಟಿ ಹರದು ಹಂಚತಿದ್ರು,
ಗೋಧಿ ಚೀಲಕ್ಕ, ಎಮ್ಮಿ ಬೆನ್ನಿಗೆ, ಸೋರೂ ಮಾಳಗಿಗೆ.
ತುಟಿಯಿಂದ ತುದಿತನಕದ ತುಂಡು ಮೈಲಾರಿ ಒಯ್ದಿದ್ದ.
ದೊಡ್ಡಾವಾಗಿ ತನ್ನ ಅಂಗಡಿ ಹಾಕಿದಾಗ
ಹಾಲಿನ ಕ್ಯಾನಿನ ಹಿಂದ ಗ್ವಾಡಿಗೆ ಬಡದಿದ್ದ.
ಈಗ ಅಲ್ಲಿ ಅವನ ಹೆಂಡತಿ ಶಿವಗಂಗವ್ವ ಚಾ ಸೋಸತಾಳ.
ಮೈಲಾರಿ ಧ್ವನಿ ಹೋಗಿ ಎರಡು ವರ್ಷ,
ಅವ ಹೋಗಿ ಎಂಟು ತಿಂಗಳ.

ತುಟಿ ಹಾಲಿನ ಉಗಿಗೆ ಕರಗೈತಿ. ಸಿಗರೇಟು ಜಿಡ್ಡು ಹಿಡದೈತಿ.
ಕೆಂಡ ಮಾತ್ರ ಹಂಗ.
ತಗದ ಬಿಡವಾ ಅದನ್ನ, ಬ್ಯಾರೆ ಬರದ ಕೊಡತೀನಿ ಅಂದೆ.
"ಮಳಿ ಕಡೆ ಗ್ವಾಡಿ ಅಕ್ಕಾರ, ತಗದ್ರ ಥಂಡಿ ಹೊಡೀತೈತಿ."
ಅಷ್ಟರಾಗ ಹುಡುಗೊಬ್ಬ ಬಂದ, ಕತ್ತು ವಾರಿ.
ಚಾದ ಜೋಡಿ ಒಂದು ಬಿಡಿ ಸಿಗರೇಟು ಕೇಳಿದ.
ಆಕಿ ಡಬ್ಬಿ ತಗದಳು, ನನ್ನ ಕಡೆ ನೋಡದ ಅಂದಳು,
"ಬರೇ ಚಾದಾಗ ಏನ ಉಳೀತೈತ್ರಿ."

ಕಂಬಕ್ಕ ಜೋತಬಿದ್ದ ನಾರಿನ ಹಗ್ಗ,
ತುದಿಯಾಗ ಕೆಂಪಗ ಒಂದು ಚುಕ್ಕಿ.
ಹುಡುಗ ಅದರ ಕಡೆ ಬಗ್ಗಿದ.
ಊದಬ್ಯಾಡ, ಹತ್ತೀತು, ಅಂದಬಿಟ್ಟೆ ನಾನು.
ಹತ್ತಲಿ ಅಂತನ ಊದೂದ್ರಿ, ಅಂದು ಅವ ನಕ್ಕ.